ಬೆವರಿನ ಕೆಲಸ, ಕುರ್ಚಿಯ ಕೆಲಸ



ಈ ಪಾಠ ನಮ್ಮ ಮೈ ಮತ್ತು ನಮ್ಮ ಕೆಲಸದ ಬಗ್ಗೆ. ಒಬ್ಬರು ಗಟ್ಟಿಯಾಗಿ ಓದಿರಿ. ಉಳಿದವರು ಸಾಲಿನ ಕೆಳಗೆ ಬೆರಳು ಇಟ್ಟು ನೋಡಿರಿ. ಅವಸರ ಬೇಡ. ಎರಡು ದಿನ ಓದಿದರೂ ನಡೆಯುತ್ತದೆ.

ನಮ್ಮ ದೇವಿಕೊಪ್ಪ ಕಲಘಟಗಿ ತಾಲ್ಲೂಕಿನ ಊರು. ಈ ತಾಲ್ಲೂಕಿನಲ್ಲಿ ಭತ್ತ, ಗೋವಿನಜೋಳ, ಸೋಯಾ, ಹತ್ತಿ ಬೆಳೆಯುತ್ತಾರೆ. ಹೊಲದಲ್ಲಿ ಕಸ ತೆಗೆಯುವವರು ಯಾರು? ಹತ್ತಿ ಬಿಡಿಸುವವರು ಯಾರು? ಹೆಚ್ಚಾಗಿ ನಾವು ಹೆಣ್ಣುಮಕ್ಕಳು. ಇದು ಬೆವರಿನ ಕೆಲಸ.

ಕಲಘಟಗಿ, ಹುಬ್ಬಳ್ಳಿ, ಧಾರವಾಡಕ್ಕೆ ಹೋದರೆ ಬ್ಯಾಂಕು, ಕಚೇರಿ ಕಾಣುತ್ತವೆ. ಅಲ್ಲಿ ಜನ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುತ್ತಾರೆ. ಇದು ಕುರ್ಚಿಯ ಕೆಲಸ.

"ಅವರಿಗೇನ್ರಿ, ಕುಂತು ಉಣ್ಣತಾರ" ಎಂದು ನಾವು ಅನ್ನುತ್ತೇವೆ. "ಹೊಲದಾಗ ದುಡಿಯೋರು ಗಟ್ಟಿ, ಅವರಿಗೆ ರೋಗ ಬರೂದಿಲ್ಲ" ಎಂದು ಅವರು ಅನ್ನುತ್ತಾರೆ. ಈ ಎರಡೂ ಮಾತು ಅರ್ಧ ಮಾತ್ರ ಖರೆ. ಹೇಗೆ? ಮುಂದೆ ಓದಿರಿ.

ಅಕ್ಕ ತಂಗಿಯ ಮಾತು

(ಇದು ಪಾಠಕ್ಕಾಗಿ ಕಟ್ಟಿದ ಮಾತುಕತೆ. ಇಬ್ಬರು ಎದುರು ಬದುರು ಕುಳಿತು ಓದಿರಿ.)

ಪಂಚಮಿ ಹಬ್ಬಕ್ಕೆ ತಂಗಿ ತವರಿಗೆ ಬಂದಿದ್ದಾಳೆ. ಅವಳು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಲೆಕ್ಕ ಬರೆಯುತ್ತಾಳೆ. ಅಕ್ಕ ಹೊಲದ ಕೂಲಿಗೆ ಹೋಗುತ್ತಾಳೆ.

ಅಕ್ಕ: ನಿನಗೇನವಾ, ಫ್ಯಾನಿನ ಕೆಳಗ ಕುಂತು ಪಗಾರ ತಗೋತಿ. ನನ್ನ ಟೊಂಕ ನೋಡು. ಮುಂಜಾನೆ ಏಳಾಕ ಆಗೂದಿಲ್ಲ.

ತಂಗಿ: ಕುಂತ್ರ ಸುಖ ಅಂತೀಯೇನಕ್ಕಾ? ನನಗ ಕುತ್ತಿಗಿ ತಿರುಗಸಾಕ ಬರೂದಿಲ್ಲ. ಸಂಜೀಕ ಕಣ್ಣು ಉರೀತಾವ. ಹೋದ ತಿಂಗಳ ರಕ್ತ ತಪಾಸಣೆ ಮಾಡಿಸಿದೆ. ಸಕ್ಕರಿ ಬ್ಯಾನಿ ಐತಿ ಅಂದ್ರು.

ಅಕ್ಕ: ಸಕ್ಕರಿ ಬ್ಯಾನಿ ಕುಂತು ಉಣ್ಣೋರಿಗೆ ಬರತೈತಿ. ನಮಗ ಬರೂದಿಲ್ಲ ಬಿಡು.

ತಂಗಿ: ನೀ ತಪಾಸಣೆ ಮಾಡಿಸೀ ಏನು?

ಅಕ್ಕ: ಇಲ್ಲ.

ತಂಗಿ: ಮತ್ತ ಬರೂದಿಲ್ಲ ಅಂತ ಹ್ಯಾಂಗ ಗೊತ್ತಾತು?

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಅಕ್ಕ: ದುಡಿದ್ರ ಮೈ ಗಟ್ಟಿ ಆಗತೈತಿ ಅಂತಾರ. ನಾ ದಿನಾ ಇಷ್ಟು ದುಡೀತೀನಿ. ಮತ್ತ ನನಗ್ಯಾಕ ಈ ನೋವು?

ಅಕ್ಕನ ಪ್ರಶ್ನೆ ಬಹಳ ದೊಡ್ಡದು. ಉತ್ತರ ಹುಡುಕೋಣ.

ಮೈ ಆಡಿದರೆ ಏನು ಲಾಭ?

ನಿಮ್ಮ ಮುಷ್ಟಿ ಹಿಡಿಯಿರಿ. ನಿಮ್ಮ ಹೃದಯ ಹೆಚ್ಚು ಕಡಿಮೆ ಅಷ್ಟೇ ದೊಡ್ಡದು. ಅದು ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ನಡೆದಾಗ, ಹತ್ತಿದಾಗ ಜೋರಾಗಿ ಬಡಿಯುತ್ತದೆ. ರಕ್ತ ಮೈತುಂಬ ಚೆನ್ನಾಗಿ ಓಡುತ್ತದೆ. ಉಂಡ ಅನ್ನ, ರೊಟ್ಟಿ ರಕ್ತದಲ್ಲಿ ಸಕ್ಕರೆಯಾಗಿ ಸೇರುತ್ತದೆ. ಕೈಕಾಲು ಆಡಿದಾಗ ಆ ಸಕ್ಕರೆ ಖರ್ಚಾಗುತ್ತದೆ. ಕುಳಿತೇ ಇದ್ದರೆ ಖರ್ಚು ಕಡಿಮೆ.

ಇದನ್ನು ತೋರಿಸಿದ ಒಂದು ಸಂಗತಿ ಇದೆ. ನಮ್ಮ ಬಸ್ಸಿನಲ್ಲಿ ಡ್ರೈವರ್ ಕುಳಿತಿರುತ್ತಾನೆ. ಕಂಡಕ್ಟರ್ ಓಡಾಡಿ ಟಿಕೆಟ್ ಕೊಡುತ್ತಾನೆ. ಇಂಗ್ಲೆಂಡಿನ ಲಂಡನ್ ಊರಲ್ಲಿ ಎರಡು ಅಂತಸ್ತಿನ ಬಸ್ಸುಗಳು ಇದ್ದವು. ಅಲ್ಲಿನ ಕಂಡಕ್ಟರು ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಡ್ರೈವರು ಇಡೀ ದಿನ ಕುಳಿತಿರುತ್ತಿದ್ದರು. ಜೆರ್ರಿ ಮಾರಿಸ್ ಎಂಬ ಡಾಕ್ಟರು ಮತ್ತು ಅವರ ಜೊತೆಯವರು ಇಬ್ಬರ ಆರೋಗ್ಯವನ್ನೂ ಹೋಲಿಸಿ ನೋಡಿದರು. 1953ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಡ್ರೈವರುಗಳಿಗಿಂತ ಕಂಡಕ್ಟರುಗಳಲ್ಲಿ ಹೃದಯದ ರೋಗ ಕಡಿಮೆ ಇತ್ತು.

ಬಸ್ಸು ಒಂದೇ, ದಾರಿ ಒಂದೇ. ಒಬ್ಬರ ಮೈ ಆಡುತ್ತಿತ್ತು, ಒಬ್ಬರದು ಆಡುತ್ತಿರಲಿಲ್ಲ.

ಹಾಗಾದರೆ ಅಕ್ಕನಿಗೆ ಯಾಕೆ ನೋವು?

ಮೈ ಆಡುವುದು ಬೇರೆ. ಮೈ ಸವೆಯುವುದು ಬೇರೆ.

ಡೆನ್ಮಾರ್ಕ್ ಎಂಬ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ ನೋಡಿದರು. 2021ರಲ್ಲಿ ಅದರ ವಿವರ ಪ್ರಕಟವಾಯಿತು. ಬಿಡುವಿನ ಹೊತ್ತಿನಲ್ಲಿ ನಡೆದಾಡುವವರಿಗೆ, ಆಟ ಆಡುವವರಿಗೆ ಹೃದಯದ ರೋಗ ಕಡಿಮೆ ಇತ್ತು. ಆದರೆ ಕೂಲಿಗಾಗಿ ಭಾರದ ಕೆಲಸ ಮಾಡುವವರಿಗೆ ಆ ಲಾಭ ಸಿಗಲಿಲ್ಲ. ಅವರಲ್ಲಿ ಹೃದಯದ ತೊಂದರೆ ಹೆಚ್ಚೇ ಇತ್ತು.

ಯಾಕೆ ಹೀಗೆ? ತಿಳಿದವರು ಹೇಳುವ ಕಾರಣ ಇದು. ಬಿಡುವಿನಲ್ಲಿ ನಡೆಯುವವರು ದಣಿದಾಗ ನಿಲ್ಲುತ್ತಾರೆ. ಕೂಲಿಗೆ ಹೋದವರು ದಣಿದರೂ ನಿಲ್ಲುವ ಹಾಗಿಲ್ಲ. ಹೃದಯಕ್ಕೆ, ಮೈಗೆ ಆರುವ ಹೊತ್ತು ಸಿಗುವುದಿಲ್ಲ.

ನಮ್ಮ ಹೊಲದ ಕೆಲಸಕ್ಕೆ ಇದನ್ನು ಹೊಂದಿಸಿ ನೋಡ್ರಿ.

ಒಂದು: ಬಗ್ಗಿಯೇ ಇರುವುದು. ಬೆನ್ನುಮೂಳೆ ಒಂದೇ ಕೋಲು ಅಲ್ಲ. ಮಣಿ ಪೋಣಿಸಿದ ಸರದ ಹಾಗೆ ಸಣ್ಣ ಸಣ್ಣ ಮೂಳೆಗಳು. ಎರಡು ಮೂಳೆಗಳ ನಡುವೆ ಮೆತ್ತೆ ಇದೆ. ತಾಸುಗಟ್ಟಲೆ ಬಗ್ಗಿ ಕಸ ತೆಗೆದರೆ ಟೊಂಕದ ಮೆತ್ತೆಗಳ ಮೇಲೆ, ನರಗಳ ಮೇಲೆ ಭಾರ ಬೀಳುತ್ತದೆ. ಕುಕ್ಕರಗಾಲಲ್ಲಿ ಕುಳಿತರೆ ಮೊಳಕಾಲಿಗೆ ಭಾರ.

ಎರಡು: ಭಾರ ಹೊರುವುದು. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತದೆ. ಹದಿನೈದು ಲೀಟರಿನ ಕೊಡ ಎಂದರೆ 15 ಕೆ.ಜಿ. ಕೊಡದ ತೂಕ ಬೇರೆ. ಹೆರಿಗೆಯಾದ ಕೆಲವೇ ದಿನಕ್ಕೆ ಭಾರ ಎತ್ತಿದರೆ ಗರ್ಭಕೋಶ ಕೆಳಗೆ ಜಾರುವ ಅಪಾಯ ಇದೆ. ಬಹಳ ಹೆಣ್ಣುಮಕ್ಕಳು ಈ ತೊಂದರೆಯನ್ನು ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಹೇಳಿದರೆ ಚಿಕಿತ್ಸೆ ಇದೆ.

ಮೂರು: ರಕ್ತ ಕಡಿಮೆ. 2019ರಿಂದ 2021ರವರೆಗೆ ಸರಕಾರ ದೇಶದಲ್ಲೆಲ್ಲ ಆರೋಗ್ಯ ಸಮೀಕ್ಷೆ ಮಾಡಿತು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆ ಇದ್ದರೆ ಉಸಿರು ಹತ್ತುತ್ತದೆ. ಬೇಗ ದಣಿವಾಗುತ್ತದೆ. ಅಂಥ ಮೈಯಿಂದ ದಿನವಿಡೀ ದುಡಿಸಿದರೆ ಮೈ ಗಟ್ಟಿ ಆಗುವುದು ಹೇಗೆ?

ನಾಲ್ಕು: ನೀರು ಕುಡಿಯದೆ ಇರುವುದು. ಹೊಲದಲ್ಲಿ ಮರೆ ಇಲ್ಲ, ಕೂಡಲು ಜಾಗ ಇಲ್ಲ. ಅದಕ್ಕೆ ನಾವು ನೀರೇ ಕುಡಿಯುವುದಿಲ್ಲ. ಇದರಿಂದ ಉರಿಮೂತ್ರ ಬರುತ್ತದೆ. ಬಿಸಿಲಿನಲ್ಲಿ ತಲೆ ತಿರುಗುತ್ತದೆ.

ಐದು: ಎರಡು ಪಾಳಿ. ಹೊಲದಿಂದ ಬಂದ ಮೇಲೆ ಒಲೆ, ನೀರು, ಪಾತ್ರೆ, ದನ, ಮಕ್ಕಳು. ಈ ಕೆಲಸಕ್ಕೆ ಪಗಾರ ಇಲ್ಲ. ಹಾಗೆಂದು ಅದು ಕೆಲಸ ಅಲ್ಲವೇ? ಮೈಗೆ ಮಾತ್ರ ಅದರ ಲೆಕ್ಕ ಗೊತ್ತು.

ಈಗ ಅಕ್ಕನ ಪ್ರಶ್ನೆಗೆ ಉತ್ತರ ಸಿಕ್ಕಿತು. ಅವಳ ನೋವಿಗೆ ದುಡಿಮೆ ಒಂದೇ ಕಾರಣ ಅಲ್ಲ. ವಿಶ್ರಾಂತಿ, ಊಟ, ನೀರು ಇಲ್ಲದ ದುಡಿಮೆ ಕಾರಣ.

ಕುಳಿತವರಿಗೂ ನೋವು

ಕುರ್ಚಿಯ ಕೆಲಸದವರಿಗೆ ಬಿಸಿಲಿಲ್ಲ, ಭಾರವಿಲ್ಲ. ಆದರೆ ಮೈ ಆಡುವುದಿಲ್ಲ. ತೂಕ ಏರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಬರುವ ಸಂಭವ ಹೆಚ್ಚು. ಕುತ್ತಿಗೆ, ಭುಜ ಬಿಗಿಯುತ್ತವೆ. ಕಂಪ್ಯೂಟರ್ ನೋಡುವಾಗ ಕಣ್ಣಿನ ರೆಪ್ಪೆ ಬಡಿಯುವುದು ಕಡಿಮೆ ಆಗುತ್ತದೆ. ಅದರಿಂದ ಕಣ್ಣು ಒಣಗಿ ಉರಿಯುತ್ತವೆ.

ಕುರ್ಚಿ ಇಲ್ಲದೆ ಕುಳಿತು ದುಡಿಯುವವರೂ ಇದ್ದಾರೆ. ನಮ್ಮ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ಮಗ್ಗದ ಮುಂದೆ ಕುಳಿತು ಜಮಖಾನೆ ನೇಯುತ್ತಾರೆ. ಆ ಜಮಖಾನೆ ಹೆಸರುವಾಸಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. ಅಲ್ಲಿಯೂ ಹೆಚ್ಚಿನವರು ಹೆಣ್ಣುಮಕ್ಕಳು. ನಮ್ಮ ಊರಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವರಿದ್ದಾರೆ. ಒಂದೇ ಕಡೆ ಕುಳಿತು, ಕಣ್ಣಿಟ್ಟು, ಕೈ ಆಡಿಸುವ ಕೆಲಸದಲ್ಲಿ ಬೆನ್ನು, ಕುತ್ತಿಗೆ, ಕಣ್ಣು ದಣಿಯುತ್ತವೆ. ಆದ್ದರಿಂದ ಕುಳಿತರೆ ವಿಶ್ರಾಂತಿ ಎಂದು ತಿಳಿಯಬೇಡಿ.

ಇಬ್ಬರಿಗೂ ಒಂದೊಂದು ಕೊರತೆ ಇದೆ. ಕುಳಿತವಳಿಗೆ ನಡಿಗೆ ಬೇಕು. ಬಗ್ಗಿದವಳಿಗೆ ವಿಶ್ರಾಂತಿ ಬೇಕು.

ನಾವು ಏನು ಮಾಡಬಹುದು?

ಹೊಲದ ಕೆಲಸದವರು:
1. ಬರೀ ಹೊಟ್ಟೆಯಲ್ಲಿ, ಬರೀ ಚಹಾ ಕುಡಿದು ಹೊಲಕ್ಕೆ ಹೋಗಬೇಡಿ. ರೊಟ್ಟಿ, ಪಲ್ಯ ಉಂಡು ಹೋಗಿರಿ. ಹಸಿವು ತಡೆಯಲು ತಂಬಾಕು ಹಾಕಬೇಡಿ.
2. ಅರ್ಧ ತಾಸಿಗೊಮ್ಮೆ ನೆಟ್ಟಗೆ ನಿಲ್ಲಿರಿ. ಟೊಂಕದ ಮೇಲೆ ಕೈ ಇಟ್ಟು ಮೆಲ್ಲಗೆ ಹಿಂದಕ್ಕೆ ಬಾಗಿರಿ. ಐದು ಸಲ ಉಸಿರು ತೆಗೆದುಕೊಳ್ಳಿರಿ.
3. ಭಾರ ಎತ್ತುವಾಗ ಮೊಳಕಾಲು ಮಡಚಿರಿ. ಭಾರವನ್ನು ಮೈಗೆ ಹತ್ತಿರ ಹಿಡಿಯಿರಿ. ದೊಡ್ಡ ಗಂಟನ್ನು ಎರಡು ಮಾಡಿರಿ.
4. ಕುಡಗೋಲು, ಕುರ್ಪಿ ಹರಿತ ಇರಲಿ. ಮೊಂಡ ಆದರೆ ಕೈಗೆ ಶ್ರಮ ಹೆಚ್ಚು. ಸಾಲು ಬೆಳೆಯಲ್ಲಿ ನಿಂತು ದೂಡುವ ಎಡೆಕುಂಟೆ ಬಳಸಿದರೆ ಬಗ್ಗುವುದು ಕಡಿಮೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದಾಗ ಇಂಥ ಸಲಕರಣೆ ಕೇಳಿ ನೋಡಿರಿ.
5. ನೀರು ಕುಡಿಯಿರಿ. ನಾಲ್ಕು ಮಂದಿ ಸೇರಿ ಸೀರೆ ಕಟ್ಟಿ ಮರೆ ಮಾಡಿಕೊಳ್ಳಬಹುದು.
6. ಚಪ್ಪಲಿ ಹಾಕಿರಿ. ಬರಿಗಾಲಿನಲ್ಲಿ ನಡೆದರೆ ಕೊಕ್ಕೆಹುಳ ಮೈ ಸೇರುತ್ತದೆ. ಅದು ರಕ್ತ ಹೀರುತ್ತದೆ.
7. ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ನುಂಗಬೇಡಿ. ಲಿಂಬಿಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಮೈಗೆ ಹತ್ತುತ್ತದೆ. ಸೊಪ್ಪು, ಕಾಳು ಊಟದಲ್ಲಿ ಇರಲಿ.
8. ಹೆರಿಗೆಯಾದ ಮೇಲೆ ಕಡಿಮೆಯೆಂದರೂ ಆರು ವಾರ ಭಾರ ಎತ್ತಬೇಡಿ.

ಕುಳಿತು ದುಡಿಯುವವರು:
1. ಅರ್ಧ ತಾಸಿಗೊಮ್ಮೆ ಏಳಿರಿ. ನಾಲ್ಕು ಹೆಜ್ಜೆ ನಡೆಯಿರಿ. ದೂರದ ಗಿಡ ನೋಡಿರಿ, ಕಣ್ಣಿಗೆ ಆರಾಮ.
2. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಿರಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಇದು.

ಮನೆಯವರೆಲ್ಲ:
ನೀರು ತರುವುದು, ಪಾತ್ರೆ ತೊಳೆಯುವುದು ಹೆಂಗಸರ ಕೆಲಸ ಮಾತ್ರ ಎಂದು ಎಲ್ಲಿ ಬರೆದಿದೆ? ಗಂಡ ಎರಡು ಕೊಡ ನೀರು ತರಲಿ. ಮಗನೂ ಪಾತ್ರೆ ತೊಳೆಯಲಿ. ಅಷ್ಟು ಹೊತ್ತು ತಾಯಿ ಕಾಲು ಚಾಚಿ ಕೂಡಲಿ.

ಕೇಳುವುದು ತಪ್ಪಲ್ಲ

"ನಡುವೆ ನಿಂತರೆ ಹೊಲದವರು ಬೈತಾರ್ರಿ" ಎಂದು ನೀವು ಹೇಳಬಹುದು. ಒಬ್ಬಳೇ ನಿಂತರೆ ಬೈಯಬಹುದು. ಹತ್ತು ಮಂದಿ ಸೇರಿ ಮೊದಲೇ ಮಾತಾಡಿರಿ. "ಇಷ್ಟು ಹೊತ್ತಿಗೆ ಒಮ್ಮೆ ನೀರು, ನೆರಳು, ಐದು ನಿಮಿಷ" ಎಂದು ಕೇಳಿರಿ. ದಣಿವು ಆರಿದ ಕೈ ಕೆಲಸವನ್ನೂ ಚೆನ್ನಾಗಿ ಮಾಡುತ್ತದೆ. ಇದನ್ನೂ ಹೇಳಿರಿ. 2005ರಲ್ಲಿ ಬಂದ ಉದ್ಯೋಗ ಖಾತ್ರಿ ಕಾನೂನಿನಲ್ಲಿ ಕೆಲಸದ ಜಾಗದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆ ಇರಬೇಕು ಎಂದು ಬರೆದಿದ್ದರು. ದುಡಿಯುವವರು ನೆರಳು ಕೇಳುವುದು ಭಿಕ್ಷೆ ಅಲ್ಲ.

ತಡ ಮಾಡಬೇಡಿ

ನೋವು ಕಾಲಿಗೆ ಇಳಿದು ಕಾಲು ಜೋಮು ಹಿಡಿದರೆ, ಮೈ ಹೊರಗೆ ಬಂದ ಹಾಗೆ ಅನಿಸಿದರೆ, ನಡೆದರೆ ಉಸಿರು ಕಟ್ಟಿದರೆ ದವಾಖಾನೆಗೆ ಹೋಗಿರಿ. ಎದೆ ಒತ್ತಿ ಹಿಡಿದು ಬೆವರು ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿರಿ. ಬಿಸಿಲಿನಲ್ಲಿ ಯಾರಾದರೂ ಬಿದ್ದು ಮಾತು ತಡವರಿಸಿದರೆ ನೆರಳಿಗೆ ತನ್ನಿರಿ. ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿರಿ. 108ಕ್ಕೆ ಹೇಳಿರಿ.

ವಯಸ್ಸು 30 ದಾಟಿದವರು ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ತಪಾಸಣೆ ಮಾಡಿಸಿರಿ. ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಹೊಲದವರಿಗೂ ಈ ರೋಗ ಬರುತ್ತದೆ. ಚೀಟಿಯಲ್ಲಿ ಬರೆದ ಅಂಕಿಯನ್ನು ಈಗ ನೀವೇ ಓದಬಲ್ಲಿರಿ.

ಹೊಸ ಪದಗಳು

ರಕ್ತಹೀನತೆ: ರಕ್ತದಲ್ಲಿ ಶಕ್ತಿ ಕಡಿಮೆ ಇರುವುದು
ವಿಶ್ರಾಂತಿ: ದಣಿವು ಆರಿಸಿಕೊಳ್ಳುವುದು
ತಪಾಸಣೆ: ಪರೀಕ್ಷೆ ಮಾಡಿ ನೋಡುವುದು
ಸಮೀಕ್ಷೆ: ಮನೆ ಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದು

ಉತ್ತರ ಹೇಳಿರಿ

1. ಲಂಡನ್ನಿನಲ್ಲಿ ಯಾರಿಗೆ ಹೃದಯದ ರೋಗ ಕಡಿಮೆ ಇತ್ತು? ಯಾಕೆ?
2. ಅಕ್ಕನ ನೋವಿಗೆ ಐದು ಕಾರಣ ಯಾವುವು?
3. "ಕುಳಿತರೆ ವಿಶ್ರಾಂತಿ" ಎಂಬ ಮಾತು ಸರಿಯೇ?

ಲೆಕ್ಕ ಮಾಡಿರಿ

1. ಒಂದು ಕೊಡದಲ್ಲಿ 15 ಲೀಟರ್ ನೀರು. ದಿನಕ್ಕೆ 6 ಕೊಡ ತಂದರೆ ಎಷ್ಟು ಕೆ.ಜಿ. ನೀರು ಹೊತ್ತ ಹಾಗಾಯಿತು?
2. ವಾರಕ್ಕೆ 150 ನಿಮಿಷ ನಡೆಯಬೇಕು. ಐದು ದಿನ ನಡೆದರೆ ದಿನಕ್ಕೆ ಎಷ್ಟು ನಿಮಿಷ?

ಬರೆಯಿರಿ

ನಿನ್ನೆ ಎದ್ದಾಗಿನಿಂದ ಮಲಗುವ ತನಕ ನೀವು ಮಾಡಿದ ಕೆಲಸಗಳನ್ನು ಒಂದರ ಕೆಳಗೆ ಒಂದು ಬರೆಯಿರಿ. ಪಗಾರ ಸಿಕ್ಕ ಕೆಲಸಕ್ಕೆ ಒಂದು ಗೆರೆ ಎಳೆಯಿರಿ. ವಿಶ್ರಾಂತಿ ಪಡೆದ ಹೊತ್ತಿಗೆ ಒಂದು ಸೊನ್ನೆ ಹಾಕಿರಿ. ಎಷ್ಟು ಸೊನ್ನೆ ಬಂದವು? ಆ ಹಾಳೆಯನ್ನು ಮನೆಯವರಿಗೆ ಓದಿ ಹೇಳಿರಿ.