ಪಾಲಿಸಿಯ ಆ ಮೊದಲ ಹಾಳೆ

2024ರ ಸೆಪ್ಟೆಂಬರ್ ಮೊದಲ ವಾರ ಬುಡಮೇರು ಹೊಳೆ ಉಕ್ಕಿ ವಿಜಯವಾಡದ ಸಿಂಗ್ ನಗರ ಮುಳುಗಿದಾಗ ಸಾವಿರಾರು ಬೈಕು, ಕಾರುಗಳು ನೀರಲ್ಲೇ ನಿಂತವು. ಅದಕ್ಕೂ ಹತ್ತು ವರ್ಷ ಹಿಂದೆ, 2014ರ ಅಕ್ಟೋಬರ್ 12ರಂದು, ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣವನ್ನು ಹಣ್ಣುಗಾಯಿ ಮಾಡಿತ್ತು. ಇಂಥ ಹೊತ್ತಿನಲ್ಲಿ ವಿಮೆ ಇದ್ದವರಿಗೆಲ್ಲ ದುಡ್ಡು ಬರುವುದಿಲ್ಲ. ಯಾವುದಕ್ಕೆ ಬರುತ್ತದೆ, ಎಷ್ಟು ಬರುತ್ತದೆ ಎಂಬುದು ಪಾಲಿಸಿಯ ‘ಶೆಡ್ಯೂಲ್’ ಪುಟದಲ್ಲಿ ಮೊದಲೇ ಅಚ್ಚಾಗಿರುತ್ತದೆ.

ಆ ಪುಟ ಸಾಮಾನ್ಯವಾಗಿ ಇಮೇಲ್‌ಗೆ ಬಂದ ಪಿಡಿಎಫ್‌ನ ಮೊದಲ ಒಂದೆರಡು ಹಾಳೆಗಳಲ್ಲೇ ಇರುತ್ತದೆ. ಸಿಗದಿದ್ದರೆ ಕಂಪನಿಯ ಆ್ಯಪ್ ಅಥವಾ ಡಿಜಿಲಾಕರ್ ನೋಡಿ, ಇಲ್ಲವೇ ಏಜೆಂಟರನ್ನೇ ಕೇಳಿ.

ವಾಹನದ ಪಾಲಿಸಿಯಾದರೆ ಮೊದಲು ‘ಓನ್ ಡ್ಯಾಮೇಜ್’ ಸಾಲು ಹುಡುಕಿ. ಅಲ್ಲಿ ಪ್ರೀಮಿಯಂ ಸೊನ್ನೆಯಿದ್ದರೆ ಕೈಯಲ್ಲಿರುವುದು ಬರೀ ಥರ್ಡ್ ಪಾರ್ಟಿ ವಿಮೆ. ಪೊಲೀಸರಿಗೆ ತೋರಿಸಲು ಸಾಕು, ನೆರೆನೀರಿಗೆ ಸಾಲದು. ಓನ್ ಡ್ಯಾಮೇಜ್ ಇದ್ದರೂ ಮುಳುಗಿದ ಕಾರಿನ ಕೀಲಿ ತಿರುಗಿಸಿ ಎಂಜಿನ್ ಕೆಡಿಸಿಕೊಂಡರೆ, ಆ ಖರ್ಚಿಗೆ ‘ಎಂಜಿನ್ ಪ್ರೊಟೆಕ್ಟ್’ ಎಂಬ ಆ್ಯಡ್-ಆನ್ ಬೇಕಾಗುತ್ತದೆ. ‘ಐಡಿವಿ’ ಎದುರಿನ ಮೊತ್ತ, ಗಾಡಿ ಪೂರ್ತಿ ಹೋದರೆ ಸಿಗಬಹುದಾದ ಗರಿಷ್ಠ. ‘ಡಿಡಕ್ಟಿಬಲ್’ ಎಂದರೆ ಕ್ಲೇಮಿನಲ್ಲಿ ಮಾಲೀಕರೇ ತುಂಬಬೇಕಾದ ಪಾಲು.

ಇನ್ನು ಆರೋಗ್ಯ ವಿಮೆಗೆ 2024ರ ಜನವರಿ 1ರಿಂದ ಹೊಸ ನಮೂನೆಯ ಗ್ರಾಹಕ ಮಾಹಿತಿ ಹಾಳೆ ಬಂದಿದೆ. ಕಾಯುವ ಅವಧಿ, ಮಿತಿಗಳು, ಯಾವುದಕ್ಕೆ ಹಣವಿಲ್ಲ ಎಂಬುದೆಲ್ಲ ಅದರಲ್ಲಿ ಸರಳವಾಗಿ ಇರಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಸೂಚನೆಯಂತೆ, ಗ್ರಾಹಕರು ಬಯಸಿದರೆ ಸ್ಥಳೀಯ ಭಾಷೆಯಲ್ಲೇ ಕೊಡಬೇಕು: ವಿಜಯವಾಡದಲ್ಲಿ ತೆಲುಗು, ಬಳ್ಳಾರಿಯಲ್ಲಿ ಕನ್ನಡ. ಕೇಳಲು ಸಂಕೋಚವೇಕೆ?

ಹಾಳೆ ಓದಿದ ಮೇಲೆ ಷರತ್ತು ಒಗ್ಗದಿದ್ದರೆ, ಹೊಸ ಆರೋಗ್ಯ ಪಾಲಿಸಿಯನ್ನು ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸಬಹುದು.