ಎದೆಯ ಸ್ಕ್ಯಾನ್‌ನಲ್ಲಿ ಕಾಳುಮೆಣಸಿನಷ್ಟು ಗಂಟು

ಸ್ಕೂಟರಿನಿಂದ ಬಿದ್ದವರಿಗೆ ಪಕ್ಕೆಲುಬು ಮುರಿದಿದೆಯೇ ಎಂದು ನೋಡಲು ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಪಕ್ಕೆಲುಬಿಗೆ ಏನೂ ಆಗಿರುವುದಿಲ್ಲ. ಆದರೆ ರಿಪೋರ್ಟಿನ ಕೊನೆಯಲ್ಲಿ ಒಂದು ಸಾಲು: ‘ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 5 ಮಿ.ಮೀ. ನಾಡ್ಯೂಲ್’. ಡಾಕ್ಟರನ್ನು ಕಾಣುವ ಮೊದಲೇ ಮಗ ಮೊಬೈಲಿನಲ್ಲಿ ಆ ಪದ ಹುಡುಕಿರುತ್ತಾನೆ. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಕೋವಿಡ್ ಕಾಲದಲ್ಲಿ ಸ್ಕ್ಯಾನ್ ಮಾಡಿಸಿದ ಎಷ್ಟೋ ಮನೆಗಳಲ್ಲಿ ನಡೆದದ್ದೂ ಇದೇ.

ನಾಡ್ಯೂಲ್ ಎಂದರೆ ಶ್ವಾಸಕೋಶದೊಳಗಿನ 3 ಸೆಂ.ಮೀ.ವರೆಗಿನ ಗಂಟು; ಅದಕ್ಕಿಂತ ದೊಡ್ಡದನ್ನು ವೈದ್ಯರು ‘ಮಾಸ್’ ಎನ್ನುತ್ತಾರೆ. 5 ಮಿ.ಮೀ. ಎಂದರೆ ಹೆಚ್ಚುಕಡಿಮೆ ಒಂದು ಕಾಳುಮೆಣಸು. ಅಮೆರಿಕದಲ್ಲಿ ವಿಪರೀತ ಸಿಗರೇಟು ಸೇದುತ್ತಿದ್ದ 53 ಸಾವಿರಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅಂಥವರಲ್ಲೂ ಸಿ.ಟಿ. ಅನುಮಾನ ಹುಟ್ಟಿಸಿದ ಫಲಿತಾಂಶಗಳಲ್ಲಿ ನೂರಕ್ಕೆ 96ರಷ್ಟು ಕ್ಯಾನ್ಸರ್ ಆಗಿರಲಿಲ್ಲ. ನಮ್ಮಲ್ಲಂತೂ ಎಂದೋ ಬಂದುಹೋದ ಕ್ಷಯ ಬಿಟ್ಟ ಕಲೆಯೇ ಹೀಗೆ ಕಾಣುವುದುಂಟು. ಅಮೆರಿಕದ ಓಹಾಯೊ, ಮಿಸಿಸಿಪ್ಪಿ ನದಿ ಕಣಿವೆಗಳಲ್ಲಿ ನೆಲೆಸಿರುವ ಕನ್ನಡಿಗರಿಗಾದರೆ ಅಲ್ಲಿನ ಮಣ್ಣಿನ ಶಿಲೀಂಧ್ರವೂ ಅಂಥದೇ ಗುರುತು ಬಿಡಬಹುದು.

ಹಾಗಾಗಿ ಮೊದಲ ಕೆಲಸ ಗೂಗಲ್ ಅಲ್ಲ, ಬೀರುವಿನ ಮೇಲೆ ಕೈಯಾಡಿಸುವುದು. ಹಳೆಯ ಸ್ಕ್ಯಾನ್ ಅಥವಾ ಎದೆಯ ಎಕ್ಸ್-ರೇ ಇದ್ದರೆ ಹುಡುಕಿ ತೆಗೆಯಬೇಕು. ಗ್ರಹಣ ನೋಡಲೆಂದು ಮಕ್ಕಳು ಫಿಲ್ಮನ್ನು ಕತ್ತರಿಸಿಲ್ಲದಿದ್ದರೆ ಪುಣ್ಯ. (ಹಾಗೆ ನೋಡುವುದು ಕಣ್ಣಿಗೂ ಕೇಡು.) ಎರಡು ವರ್ಷದ ಹಿಂದಿನ ಸಿ.ಟಿ.ಯಲ್ಲೂ ಅದೇ ಗಟ್ಟಿ ಗಂಟು ಅಷ್ಟೇ ಗಾತ್ರದಲ್ಲಿದ್ದರೆ ಸಾಮಾನ್ಯವಾಗಿ ಅಲ್ಲಿಗೆ ಮಾತು ಮುಗಿಯಿತು.

ನಂತರ ರಿಪೋರ್ಟನ್ನು ವೈದ್ಯರೊಂದಿಗೆ ಕೂತು ಓದಬೇಕು. ಗಾತ್ರವೆಷ್ಟು? ಗಟ್ಟಿಯೋ, ಮಂಜು ಹಿಡಿದ ಗಾಜಿನಂತೆ ಮಸುಕೋ? ಅಂಚು ನುಣುಪೋ, ಮುಳ್ಳುಮುಳ್ಳೋ? ಗಂಟಿನ ತುಂಬಾ ಅಥವಾ ನಟ್ಟನಡುವೆ ಸುಣ್ಣದಂಶ ಕಟ್ಟಿದ್ದರೆ ಅದು ನಿರುಪದ್ರವಿ ಎನ್ನಲು ಒಳ್ಳೆಯ ಸುಳಿವು. ಮುಳ್ಳಿನಂಥ ಅಂಚು ಒಳ್ಳೆಯದಲ್ಲ. ಬೀಡಿ-ಸಿಗರೇಟು ಸೇದಿದ ವರ್ಷಗಳು, ಸೌದೆ ಒಲೆಯ ಹೊಗೆ, ಹಿಂದೆ ಬಂದಿದ್ದ ಟಿ.ಬಿ., ಮನೆಯವರಲ್ಲಿ ಶ್ವಾಸಕೋಶದ ಕ್ಯಾನ್ಸರ್, ಇದ್ಯಾವುದನ್ನೂ ಮುಚ್ಚಿಡಬಾರದು. ಹೆಂಡತಿ ಪಕ್ಕದಲ್ಲಿದ್ದಾಳೆಂದು ದಿನದ ಬೀಡಿ ಲೆಕ್ಕವನ್ನು ಅರ್ಧ ಮಾಡಿ ಹೇಳುವವರೂ ಇದ್ದಾರೆ!

ಮುಂದಿನ ಸ್ಕ್ಯಾನ್ ಯಾವಾಗ? ಎದೆಯ ಸ್ಕ್ಯಾನ್ ತಜ್ಞರ ಸಂಘವಾದ ಫ್ಲೈಶ್ನರ್ ಸೊಸೈಟಿಯ 2017ರ ಮಾರ್ಗಸೂಚಿಯನ್ನು ಜಗತ್ತಿನ ಅನೇಕ ವೈದ್ಯರು ಅನುಸರಿಸುತ್ತಾರೆ. ಅದರಂತೆ 6 ಮಿ.ಮೀ.ಗಿಂತ ಚಿಕ್ಕದಾದ ಒಂದೇ ಗಟ್ಟಿ ಗಂಟಿಗೆ, ಅಪಾಯದ ಅಂಶಗಳು ಇಲ್ಲದಿದ್ದರೆ, ಮತ್ತೆ ಸ್ಕ್ಯಾನ್ ಬೇಕಿಲ್ಲ. ಇದ್ದರೆ ವರ್ಷದ ನಂತರ ಒಮ್ಮೆ ನೋಡಬಹುದು. 6ರಿಂದ 8 ಮಿ.ಮೀ. ಆದರೆ 6ರಿಂದ 12 ತಿಂಗಳಲ್ಲಿ. 8 ದಾಟಿದರೆ ಮೂರು ತಿಂಗಳಲ್ಲಿ ಮತ್ತೆ ಸಿ.ಟಿ., ಇಲ್ಲವೇ ಪೆಟ್ ಸ್ಕ್ಯಾನ್, ಇಲ್ಲವೇ ಬಯಾಪ್ಸಿ. ಮಸುಕು ಗಂಟುಗಳು ಬೆಳೆಯುವುದು ನಿಧಾನ, ಅವುಗಳ ಮೇಲೆ ಐದು ವರ್ಷ ಕಣ್ಣಿಡಬೇಕಾಗಬಹುದು. 35ರೊಳಗಿನವರು, ಈಗಾಗಲೇ ಕ್ಯಾನ್ಸರ್ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು ಈ ಲೆಕ್ಕಕ್ಕೆ ಸೇರುವುದಿಲ್ಲ. ಅವರ ದಾರಿಯನ್ನು ವೈದ್ಯರೇ ಬೇರೆಯಾಗಿ ನಿರ್ಧರಿಸಬೇಕು. ಕಫದಲ್ಲಿ ರಕ್ತ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಯಾರೂ ತಿಂಗಳೆಣಿಸುತ್ತ ಕೂರಬಾರದು.

ಅಳತೆಯಲ್ಲೊಂದು ತಮಾಷೆಯಿದೆ. ಗಂಟು 8ರಿಂದ 10 ಮಿ.ಮೀ.ಗೆ ಹೋದರೆ ಎರಡೇ ಮಿಲಿಮೀಟರು ಎನಿಸುತ್ತದೆ. ಆದರೆ ಗುಂಡಗಿನ ವಸ್ತುವಿನ ಗಾತ್ರ ಅಷ್ಟರಲ್ಲಿ ಹತ್ತಿರಹತ್ತಿರ ದುಪ್ಪಟ್ಟಾಗಿರುತ್ತದೆ. ಇತ್ತ 5 ಇದ್ದದ್ದು 6 ಎಂದು ಬಂದರೆ ಅದು ಅಳೆದವರ ಕೈಯ ವ್ಯತ್ಯಾಸವೂ ಇರಬಹುದು. ಆದ್ದರಿಂದ ಸಾಧ್ಯವಾದರೆ ಅದೇ ಸೆಂಟರಿನಲ್ಲಿ, ಕಡಿಮೆ ವಿಕಿರಣದ ಸಿ.ಟಿ. ಕೇಳಿ ಮಾಡಿಸುವುದು ಮೇಲು. ಪೆಟ್ ಸ್ಕ್ಯಾನ್‌ನಲ್ಲಿ ಕ್ಯಾನ್ಸರಿನಂತೆಯೇ ಟಿ.ಬಿ.ಯೂ ಹೊಳೆಯುತ್ತದೆ, ಅದೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ.

ಮನೆಗೆ ಬಂದ ಮೇಲೆ ರಿಪೋರ್ಟಿನ ಜೊತೆ ಕೊಟ್ಟ ಸಿ.ಡಿ.ಯನ್ನು ಪೆನ್‌ಡ್ರೈವಿಗೆ ಹಾಕಿಸಿಟ್ಟುಕೊಳ್ಳಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ತೂರಿಸಲು ಜಾಗವೇ ಇರುವುದಿಲ್ಲ.