ಮನೆ-ಕಚೇರಿಗೆ ಮಿತವ್ಯಯದ ನೆಟ್‌ವರ್ಕ್ ಸಂಗ್ರಹ ಸಾಧನ: ಕೊಳ್ಳುವ ಮುನ್ನ ಕೆಲವು ಲೆಕ್ಕಾಚಾರ

ಕಿರ್ದಿ, ಖಾತೆ ಪುಸ್ತಕಗಳು ಕಬ್ಬಿಣದ ಬೀರುವಿನಲ್ಲಿದ್ದ ಕಾಲದಲ್ಲಿ ಅವುಗಳಿಗೆ ಗೆದ್ದಲು ಮತ್ತು ಮಳೆನೀರಿನ ಭಯವಿತ್ತು. ಈಗ ಅನೇಕ ಸಣ್ಣ ವರ್ತಕರ ಟ್ಯಾಲಿ ಲೆಕ್ಕ, ಇ-ವೇ ಬಿಲ್‌ಗಳು, ಖರೀದಿ ರಸೀದಿಗಳ ಸ್ಕ್ಯಾನ್ ಪ್ರತಿ ಎಲ್ಲವೂ ಒಂದೇ ಕಂಪ್ಯೂಟರಿನ ಒಂದೇ ಹಾರ್ಡ್ ಡಿಸ್ಕಿನಲ್ಲಿರುತ್ತವೆ. ಅದರ ಪ್ರತಿಯೆಂದರೆ ಮೇಜಿನ ಡ್ರಾಯರಿನಲ್ಲಿರುವ ಒಂದು ಪೆನ್ ಡ್ರೈವ್. 2017ರ ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಖಾಸಗಿ ನಿಯಮಿತ ಕಂಪನಿಗಳಿಗೆ ಈ ಅವಧಿ 8 ಆರ್ಥಿಕ ವರ್ಷ. ಅಲ್ಲದೆ, 2022ರ ಆಗಸ್ಟ್ ತಿದ್ದುಪಡಿಯ ನಂತರ ವಿದ್ಯುನ್ಮಾನ ಲೆಕ್ಕಗಳ ಬ್ಯಾಕಪ್ ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಆಗಬೇಕು. ಐದನೆಯ ವರ್ಷದಲ್ಲಿ ಬಂದ ನೋಟೀಸಿಗೆ ರಸೀದಿ ಒದಗಿಸಲಾಗದಿದ್ದರೆ ಇನ್‌ಪುಟ್ ತೆರಿಗೆ ಕ್ರೆಡಿಟ್ಟೇ ಪ್ರಶ್ನೆಗೊಳಗಾಗುತ್ತದೆ.

ಈ ಕೊರತೆಗೆ ಒಂದು ಪರಿಹಾರ ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್, ಬಾಯಿಮಾತಿನಲ್ಲಿ ‘ನಾಸ್’. ರೂಟರಿಗೆ ತಂತಿಯಿಂದ ಜೋಡಿಸುವ ಈ ಪುಟ್ಟ ಪೆಟ್ಟಿಗೆಯಲ್ಲಿ ಒಂದೆರಡು ಹಾರ್ಡ್ ಡಿಸ್ಕುಗಳಿದ್ದು, ಮನೆ ಅಥವಾ ಕಚೇರಿಯ ಎಲ್ಲ ಕಂಪ್ಯೂಟರುಗಳಿಗೂ ಅದು ಸಾಮಾನ್ಯ ಉಗ್ರಾಣದಂತೆ ಒದಗುತ್ತದೆ.

ಮೊದಲು ತೀರ್ಮಾನಿಸಬೇಕಾದುದು ಗಾತ್ರ. ದಿನಕ್ಕೆ 100 ಪುಟ ಸ್ಕ್ಯಾನ್ ಆಗುವ ಅಂಗಡಿಯಲ್ಲಿ, ಪುಟವೊಂದಕ್ಕೆ 300 ಕಿಲೋಬೈಟ್ ಹಿಡಿದರೆ, 300 ಕೆಲಸದ ದಿನಗಳಿಗೆ ಆಗುವುದು 9 ಗಿಗಾಬೈಟ್. ಎಂಟು ವರ್ಷಕ್ಕೂ 72 ಗಿಗಾಬೈಟ್ ಸಾಕು. ಜಾಗ ನುಂಗುವುದು ಸಿಸಿಟಿವಿ. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಮುದ್ರಿಸುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21.6 ಗಿಗಾಬೈಟ್ ತುಂಬುತ್ತದೆ. ನಾಲ್ಕು ಕ್ಯಾಮೆರಾಗಳಿಗೆ ತಿಂಗಳಿಗೆ 2.6 ಟೆರಾಬೈಟ್. ಆದುದರಿಂದ ಕ್ಯಾಮೆರಾದ ಚಿತ್ರಗಳನ್ನು ಅದರದೇ ಡಿ.ವಿ.ಆರ್.ಗೆ ಬಿಟ್ಟು, ಲೆಕ್ಕಪತ್ರ ಮತ್ತು ಕುಟುಂಬದ ಭಾವಚಿತ್ರಗಳಿಗೆ 2 ಅಥವಾ 4 ಟೆರಾಬೈಟಿನ ಜೋಡಿ ಡಿಸ್ಕುಗಳನ್ನು ಆರಿಸಿದರೆ ಹಣ ಉಳಿಯುತ್ತದೆ. ‘4 ಟೆರಾಬೈಟ್’ ಎಂದು ಬರೆದ ಡಿಸ್ಕನ್ನು ವಿಂಡೋಸ್ 3.63ರಷ್ಟೆಂದು ತೋರಿಸಿದರೆ ಅದು ಮೋಸವಲ್ಲ, ಎಣಿಕೆಯ ರೀತಿ ಬೇರೆ.

ಒಂದೇ ಡಿಸ್ಕಿನ ಪೆಟ್ಟಿಗೆ ಅಗ್ಗವಾದರೂ ಅದರಿಂದ ದೊರೆಯುವ ಭದ್ರತೆ ಪೆನ್ ಡ್ರೈವಿಗಿಂತ ಹೆಚ್ಚೇನಲ್ಲ. ಎರಡು ಡಿಸ್ಕಿನ ಪೆಟ್ಟಿಗೆಯಲ್ಲಿ ‘ರೇಡ್ 1’ ವಿಧಾನದಿಂದ ಪ್ರತಿಯೊಂದು ಕಡತವೂ ಎರಡೆರಡು ಕಡೆ ಬರೆಯಲ್ಪಡುವುದರಿಂದ, ಒಂದು ಕೆಟ್ಟರೂ ಕೆಲಸ ನಿಲ್ಲದು. ಇದನ್ನೇ ಬ್ಯಾಕಪ್ ಎಂದು ಮಾರುವವರಿದ್ದಾರೆ, ಅದು ತಪ್ಪು. ಗುಮಾಸ್ತನು ಅಳಿಸಿದ ಕಡತ ಎರಡೂ ಡಿಸ್ಕುಗಳಿಂದ ಒಮ್ಮೆಲೇ ಅಳಿಯುತ್ತದೆ, ಸುಲಿಗೆ ವೈರಸ್ಸು ಬೀಗ ಹಾಕಿದರೆ ಎರಡಕ್ಕೂ ಬೀಗ. ಹಳೆಯ ಸ್ಥಿತಿಗೆ ಮರಳಲು ಅನುವಾಗುವ ‘ಸ್ನ್ಯಾಪ್‌ಶಾಟ್’ ಸೌಲಭ್ಯವಿದೆಯೇ ಎಂದು ಕೇಳಿಯೇ ಕೊಳ್ಳಬೇಕು. ಎಲ್ಲ ಅಗ್ಗದ ಮಾದರಿಗಳಲ್ಲಿ ಇದು ಇರುವುದಿಲ್ಲ.

ಡಿಸ್ಕಿನ ಜಾತಿಯೂ ಮುಖ್ಯ. ನಾಸ್‌ಗೆಂದೇ ಮಾರಾಟವಾಗುತ್ತಿದ್ದ ರೆಡ್ ಸರಣಿಯ 2ರಿಂದ 6 ಟೆರಾಬೈಟಿನ ಕೆಲವು ಡಿಸ್ಕುಗಳಲ್ಲಿ ಎಸ್.ಎಂ.ಆರ್. ತಂತ್ರವಿದೆಯೆಂದು ವೆಸ್ಟರ್ನ್ ಡಿಜಿಟಲ್ 2020ರಲ್ಲಿ ಒಪ್ಪಿಕೊಂಡಿತು. ಇದರಲ್ಲಿ ಪಥಗಳು ಮನೆಯ ಹೆಂಚಿನಂತೆ ಒಂದರ ಮೇಲೊಂದು ಹಾಸಿರುವುದರಿಂದ ಹಳೆಯದರ ಮೇಲೆ ಪುನಃ ಬರೆಯುವುದು ನಿಧಾನ. ಕೆಟ್ಟ ಡಿಸ್ಕಿಗೆ ಬದಲಿ ಹಾಕಿದಾಗ ಮರುತುಂಬಿಕೆ ಬಹಳ ಹೊತ್ತು ಹಿಡಿಯುತ್ತದೆ. ಸಿ.ಎಂ.ಆರ್. ಎಂದು ಸ್ಪಷ್ಟವಾಗಿ ನಮೂದಿಸಿದ ಡಿಸ್ಕನ್ನೇ ಕೇಳುವುದು ಲೇಸು.

ವೇಗದ ವಿಷಯದಲ್ಲಿ ರೂಟರಿನ ಕಿಂಡಿಯನ್ನು ನೋಡದೆ ದುಬಾರಿ ಪೆಟ್ಟಿಗೆ ತರುವವರುಂಟು. 100 ಮೆಗಾಬಿಟ್ ಕಿಂಡಿಯಲ್ಲಿ ಸೆಕೆಂಡಿಗೆ ಸುಮಾರು 11 ಮೆಗಾಬೈಟ್ ಮಾತ್ರ ಸಾಗುತ್ತದೆ. 500 ಗಿಗಾಬೈಟಿನ ಮೊದಲ ನಕಲಿಗೆ ಹನ್ನೆರಡು ಗಂಟೆಗೂ ಮಿಗಿಲು. ಗಿಗಾಬಿಟ್ ಕಿಂಡಿಯಾದರೆ ಒಂದೂಕಾಲು ಗಂಟೆ.

ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿಗೆ ಓಪನ್ ಮೀಡಿಯಾ ವಾಲ್ಟ್‌ನಂತಹ ಉಚಿತ ತಂತ್ರಾಂಶ ಹಾಕಿ ನಾಸ್ ಮಾಡಿಕೊಳ್ಳಲೂ ಸಾಧ್ಯ. ಆದರೆ ಅದು ಪುಟ್ಟ ಪೆಟ್ಟಿಗೆಗಿಂತ 50 ವ್ಯಾಟ್ ಹೆಚ್ಚು ಎಳೆಯುವುದಾದರೆ ವರ್ಷಕ್ಕೆ 438 ಯೂನಿಟ್; ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ 3,500 ರೂಪಾಯಿ. ಮೂರ್ನಾಲ್ಕು ವರ್ಷಗಳಲ್ಲಿ ‘ಉಚಿತ’ವೆಂಬುದು ಉಳಿಯದು. ಯಾವುದನ್ನು ಆರಿಸಿದರೂ ಯು.ಪಿ.ಎಸ್. ಬೇಕೇ ಬೇಕು, ಬರೆಯುತ್ತಿರುವಾಗ ಕರೆಂಟು ಹೋದರೆ ಕಡತ ಕೆಡಬಹುದು.

ಊರಾಚೆಯಿಂದಲೂ ಕಡತ ತೆರೆಯಬಹುದೆಂಬ ಪ್ರಲೋಭನೆಯೇ ಎಲ್ಲಕ್ಕಿಂತ ಅಪಾಯಕಾರಿ. 2021ರ ಜೂನ್‌ನಲ್ಲಿ ಅಂತರ್ಜಾಲಕ್ಕೆ ತೆರೆದಿದ್ದ ಅನೇಕ ಮೈ ಬುಕ್ ಲೈವ್ ಸಾಧನಗಳ ಕಡತಗಳು ದೂರದಿಂದಲೇ ಅಳಿಸಲ್ಪಟ್ಟವು. ಆ ಮಾದರಿಗೆ 2015ರಿಂದಲೇ ಭದ್ರತಾ ಪರಿಷ್ಕರಣೆ ನಿಂತಿತ್ತು. 2022ರ ಜನವರಿಯಲ್ಲಿ ‘ಡೆಡ್‌ಬೋಲ್ಟ್’ ಸುಲಿಗೆಕೋರರು ಕ್ಯೂನ್ಯಾಪ್ ಸಾಧನಗಳ ಕಡತಗಳಿಗೆ ಬೀಗ ಹಾಕಿ 0.03 ಬಿಟ್‌ಕಾಯಿನ್ ಕೇಳಿದರು. ಪರಿಷ್ಕರಣೆ ಎಷ್ಟು ವರ್ಷ ದೊರೆಯುತ್ತದೆಂಬುದನ್ನು ಬೆಲೆಯಷ್ಟೇ ಗಂಭೀರವಾಗಿ ವಿಚಾರಿಸಬೇಕು. ರೂಟರಿನಲ್ಲಿ ಪೋರ್ಟ್ ತೆರೆದಿಡುವುದು ಬೇಡ.

ಇಷ್ಟಾದ ಮೇಲೂ ಎರಡು ಯು.ಎಸ್.ಬಿ. ಡಿಸ್ಕುಗಳು ಅಗತ್ಯ. ಒಂದು ವಾರ ಒಂದಕ್ಕೆ, ಮರುವಾರ ಇನ್ನೊಂದಕ್ಕೆ ನಾಸ್‌ನಿಂದ ನಕಲು ತೆಗೆದು, ಬಿಚ್ಚಿದ್ದನ್ನು ಬೇರೆ ಕಟ್ಟಡದಲ್ಲಿ, ಸಹೋದರನ ಮನೆಯಲ್ಲೋ ಬ್ಯಾಂಕ್ ಲಾಕರಿನಲ್ಲೋ ಇಡಬೇಕು. ಮೂರು ತಿಂಗಳಿಗೊಮ್ಮೆ ಆ ಡಿಸ್ಕಿನಿಂದ ಕಳೆದ ವರ್ಷದ ಟ್ಯಾಲಿ ಲೆಕ್ಕವನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಮಾರ್ಚ್ 31ರ ಶಿಲ್ಕು ತಾಳೆಯಾಗುತ್ತದೆಯೇ ಎಂದು ನೋಡಬೇಕು.